ಗುಡಿಸಲು ಅಳೆಯಲು ಹೋದ ದಿನ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಕಚೇರಿಯಲ್ಲಿ ಸರ್ವೆ ಕೆಲಸಕ್ಕಿದ್ದೆ. ನಗರದ ಯಾವ ಭಾಗದ ಜನ ಎಷ್ಟು ಜಾಗದಲ್ಲಿ, ಹೇಗೆ ಬದುಕುತ್ತಾರೆಂದು ಮನೆಮನೆಗೆ ಹೋಗಿ ಬರೆದುಕೊಳ್ಳಬೇಕಿತ್ತು. ಒಂದು ಬೆಳಿಗ್ಗೆ ಕಾಂದಿವಲಿಯ ಹಳಿ ಪಕ್ಕದ ಗುಡಿಸಲೊಂದನ್ನು ಅಳೆಯುತ್ತಿದ್ದಾಗ ಏಳೆಂಟು ಗಂಡಸರು ನನ್ನನ್ನು ಸುತ್ತುವರಿದರು. ಒಬ್ಬ ಟೇಪು ಕಸಿದುಕೊಂಡ.

"ಹ್ವಾದ ಸಲಾನೂ ಹಿಂಗ ಅಳದು ಹ್ವಾದ್ರು. ಎಂಟ ದಿನಕ್ಕ ಮನಿ ಕೆಡವಿದ್ರು," ಎಂದು ಉಳಿದವರಿಗೆ ಹೇಳಿದ.

ಅಲ್ಲಿಯವರೆಗೆ ಹಿಂದಿಯಲ್ಲಿ ಮಾತಾಡುತ್ತಿದ್ದವನ ಬಾಯಿಂದ ಕನ್ನಡ ಹೊರಟಿತು: "ನಾನು ಕೆಡವಲಿಕ್ಕೆ ಬಂದವನಲ್ಲ ಅಣ್ಣಾ."

ಆ ಗುಡಿಸಲಿನ ಹೆಂಗಸು, ತುಂಬು ಬಸುರಿ, ಮುಂದೆ ಬಂದಳು. "ಬಿಡ್ರಿ ಅವರನ್ನ, ನಮ್ಮ ಮಾತ ಆಡ್ತಾರ," ಎಂದು ಟೇಪು ಕೊಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಖರೇ ಹೇಳ್ರಿ, ಕೆಡವೂದಿಲ್ಲಲ್ಲ?"

"ಇಲ್ಲ ತಾಯಿ," ಎಂದೆ. ನಾವು ತುಂಬಿದ ಹಾಳೆಗಳು ಕಚೇರಿಯಿಂದ ಮುಂದೆ ಎಲ್ಲಿಗೆ ಹೋಗುತ್ತವೆಂದು ನನಗೆ ಗೊತ್ತಿರಲಿಲ್ಲ. ಅವಳು ನಂಬಿ ಎಲ್ಲವನ್ನೂ ಹೇಳಿದಳು. ಒಂದೇ ಕೋಣೆಯಲ್ಲಿ ಆರು ಮಂದಿ, ನೀರಿಗೆ ಎದುರು ಬಿಲ್ಡಿಂಗಿನ ನಲ್ಲಿ. ನಾನು ಬರೆದುಕೊಂಡೆ.

ಬೋರಿವಲಿಯ ನನ್ನ ಕೋಣೆಯಿಂದ ಕಚೇರಿಗೆ ಹೋಗಲು ಹತ್ತುತ್ತಿದ್ದ ಲೋಕಲ್ ರೈಲು ದಿನವೂ ಅಲ್ಲೇ ಹಾದುಹೋಗುತ್ತಿತ್ತು. ಗುಡಿಸಲುಗಳು ಇದ್ದೇ ಇದ್ದವು. ಆದರೂ ಕಾಂದಿವಲಿ ಹತ್ತಿರವಾದಂತೆ, ಎಷ್ಟೋ ತಿಂಗಳು, ಹೊರಗೆ ನೋಡಲು ನನಗೆ ಧೈರ್ಯ ಬರುತ್ತಿರಲಿಲ್ಲ. ನೋಡದೆ ಇರಲೂ ಆಗುತ್ತಿರಲಿಲ್ಲ.