ಎರಡು ಚಮಚ ಹುರಳಿ ಹಿಟ್ಟು

ನನ್ನ ಲಿವರನ್ನು ಮೊದಲ ಸಲ ಪರದೆಯ ಮೇಲೆ ನೋಡಿದ ಡಾಕ್ಟರು, ಕಣ್ಣು ತೆಗೆಯದೆಯೇ, "ಪೊರೋಟ ಇಷ್ಟವಾ?" ಎಂದು ಕೇಳಿದರು. ಹೊಟ್ಟೆಗೆ ಜೆಲ್ ಬಳಿಸಿಕೊಂಡು ಅಂಗಾತ ಮಲಗಿದವನಿಗೆ ಸುಳ್ಳು ಹೇಳುವ ಧೈರ್ಯ ಎಲ್ಲಿಂದ ಬರಬೇಕು? "ಕುರ್ಮ ಇದ್ದರೆ" ಎಂದೆ. ಅವರು ನಗಲಿಲ್ಲ.

ಲಿವರ್ ಬೇಕಾಗಿದ್ದುದು ಅಪ್ಪನಿಗೆ. ಜೀವನದಲ್ಲಿ ಒಂದು ತೊಟ್ಟು ಕುಡಿಯದ ಮನುಷ್ಯ. ಆದರೂ ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಒಳಗೇ ಕೆಲಸ ಮಾಡಿ ಅವರ ಲಿವರನ್ನು ಕಲ್ಲು ಮಾಡಿತ್ತು. ಬದುಕಿರುವವರು ತಮ್ಮದರಲ್ಲಿ ಒಂದು ತುಂಡು ಕೊಡಬಹುದು, ಉಳಿದದ್ದು ಮತ್ತೆ ಬೆಳೆಯುತ್ತದೆ ಎಂದರು. ಅಮ್ಮನ ರಕ್ತ ಹೊಂದಲಿಲ್ಲ. ಒಬ್ಬನೇ ಮಗನದು ಹೊಂದಿತು. ಆದರೆ ಒಬ್ಬನೇ ಮಗ ತೊಂಬತ್ತಾರು ಕೆಜಿ ಇದ್ದ. ಅವನ ಲಿವರಿನ ತುಂಬ ಕೊಬ್ಬು. ಮೂರು ತಿಂಗಳಲ್ಲಿ ಹನ್ನೆರಡು ಕೆಜಿ ಇಳಿಸಬೇಕು, ಆದರೆ ರಕ್ತ ಕಮ್ಮಿಯಾಗಬಾರದು, ಪ್ರೋಟೀನು ಕಮ್ಮಿಯಾಗಬಾರದು. ಉಪವಾಸ ಬಿದ್ದು ಬಂದರೆ ಆಪರೇಷನ್ ಇಲ್ಲ.

"ಕ್ಯಾಲೊರಿ ಕಮ್ಮಿ, ಸತ್ವ ಜಾಸ್ತಿ. ಓಕೆ-ಯಾ?" ಎಂದು ಕೊಚ್ಚಿಯ ಆ ಆಸ್ಪತ್ರೆಯ ಡಯಟೀಷಿಯನ್ ಮೇಡಂ ಚಾರ್ಟು ಕೊಟ್ಟರು. ಮೂಗಿನಲ್ಲೇ ಮಾತಾಡುತ್ತಿದ್ದರು. ಪ್ರತಿ ವಾಕ್ಯದ ಬಾಲಕ್ಕೆ ಒಂದು 'ಓಕೆ-ಯಾ'. ಪಕ್ಕದಲ್ಲಿ ಕೂತಿದ್ದ ಅಪ್ಪ ನನ್ನ ಮುಖ ನೋಡಿದರು. ಲಿಫ್ಟಿನಿಂದ ಇಳಿಯುವಷ್ಟರಲ್ಲಿ ಆ ದನಿ ನನ್ನದಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆಯಿತು ಕೂಡ.

ನನಗಿರುವ ವಿದ್ಯೆ ಇದೊಂದೇ. ಕೊಚ್ಚಿಯ ಪಾಲಾರಿವಟ್ಟಂನಲ್ಲಿ ನಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಮ್ಯಾನೇಜರರು ಕೆಮ್ಮುವುದರಿಂದ ಹಿಡಿದು ಮೆಟ್ರೋದಲ್ಲಿ ಬಾಗಿಲು ಮುಚ್ಚುವ ಮುಂಚಿನ ಹೆಣ್ಣು ದನಿಯವರೆಗೆ ಎಲ್ಲವನ್ನೂ ಮಾಡಿ ತೋರಿಸುತ್ತೇನೆ. ಚಿಕ್ಕಂದಿನಿಂದ ಫೋನಿನಲ್ಲಿ ಅಪ್ಪನನ್ನು ಏಮಾರಿಸಲು ನೋಡಿದ್ದೇನೆ: ಗ್ಯಾಸ್ ಏಜೆನ್ಸಿಯವನಾಗಿ, ಅವರ ಆಫೀಸಿನ ನಿರ್ದೇಶಕರಾಗಿ, ಒಮ್ಮೆ ಊರಿನ ಸೋದರತ್ತೆಯಾಗಿ. ಎರಡು ವಾಕ್ಯ ಮುಗಿಯುವಷ್ಟರಲ್ಲಿ ಆ ಕಡೆಯಿಂದ ಬರುತ್ತಿತ್ತು, "ಲೋ ಕೋತಿ, ಊಟ ಆಯ್ತಾ?"

ತೂಕ ಇಳಿಸುವ ಯುದ್ಧ ಕಳಮಶ್ಶೇರಿಯಲ್ಲಿ ನಾನಿದ್ದ ಫ್ಲ್ಯಾಟಿನ ಹಿಂದಿನ ಮೆಸ್ಸಿನಲ್ಲಿ ಶುರುವಾಯಿತು. ಅದನ್ನು ನಡೆಸುವ ಚೇಚಿಗೆ, ಅಂದರೆ ಅಕ್ಕನಿಗೆ, ಎಲ್ಲ ಹೇಳಿದೆ: ಸೊಪ್ಪು, ಕಾಳು, ಎಣ್ಣೆ ಬೇಡ. "ಹೆದರಬೇಡ ಮೋನೇ, ದಿನಾ ತೋರನ್ ಮಾಡಿಕೊಡ್ತೀನಿ" ಎಂದರು. ಮೋನೇ ಎಂದರೆ ಮಗನೇ, ತೋರನ್ ಎಂದರೆ ಪಲ್ಯ. ನಾವು ಪಲ್ಯಕ್ಕೆ ತೆಂಗಿನತುರಿ ಉದುರಿಸುತ್ತೇವೆ. ಅವರು ತೆಂಗಿನತುರಿಗೆ ಪಲ್ಯ ಉದುರಿಸುತ್ತಾರೆ. ತೆಂಗು ಬೇಡ ಎಂದರೆ ಚೇಚಿ ಮುಖವನ್ನು ಸೂತಕದ ಮನೆಯಂತೆ ಮಾಡಿಕೊಂಡರು. ಕಬ್ಬಿಣದ ಅಂಶಕ್ಕೆಂದು ನುಗ್ಗೆಸೊಪ್ಪು ಕೇಳಿದೆ. ಆಗ ಮಲಯಾಳಿಗಳ ಕರ್ಕಿಡಕ ಮಾಸ, ನಮ್ಮ ಆಷಾಢದ ಹಾಗೆ ಮಳೆ ಸುರಿಯುತ್ತಿತ್ತು. "ಕರ್ಕಿಡಕದಲ್ಲಿ ನುಗ್ಗೆಸೊಪ್ಪು ತಿಂದರೆ ವಿಷ. ನಿನ್ನ ಅಚ್ಛನಿಗೆ ನಾನು ಏನು ಉತ್ತರ ಹೇಳಲಿ?" ಎಂದು ಅಪ್ಪನನ್ನು ಮಧ್ಯೆ ತಂದು ಕೊಂಬೆಯನ್ನು ಮುಟ್ಟಲೂ ಬಿಡಲಿಲ್ಲ. ಕೊನೆಗೆ ಬಾಳೆದಿಂಡು, ಪಪ್ಪಾಯಿಕಾಯಿ, ಹೆಸರುಕಾಳಿನ ಮೇಲೆ ರಾಜಿಯಾಯಿತು. ಬ್ಯಾಂಕಿನಲ್ಲಿ ಮಧ್ಯಾಹ್ನ ಎರಡು ಮೊಟ್ಟೆಯ ಬಿಳಿ ಭಾಗ. ಹಳದಿ ಭಾಗವನ್ನು ಕ್ಯಾಷಿಯರ್ ನನ್ನೆದುರೇ ಕಣ್ಣುಮುಚ್ಚಿ ತಿನ್ನುತ್ತಿದ್ದ.

ಪ್ರೋಟೀನಿನ ಮುಖ್ಯ ಭಾಗ ಅಪ್ಪನದು. ಚಾರ್ಟಿನಲ್ಲಿ ಹುರಿದ ಹುರಳಿಯ ಹಿಟ್ಟು ಎರಡು ಚಮಚ, ನೀರು ಮಜ್ಜಿಗೆಯಲ್ಲಿ, ದಿನಕ್ಕೆ ಎರಡು ಸಲ ಎಂದಿತ್ತು. "ಅದನ್ನ ನಾನು ಮಾಡ್ತೀನಿ" ಎಂದರು ಅಪ್ಪ. ತಿರುವನಂತಪುರದ ಮನೆಯಲ್ಲಿ, ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಒಲೆಯ ಮುಂದೆ ಕೂತು ಹುರಿಯುತ್ತಿದ್ದರು. ಪಕ್ಕದಲ್ಲಿ ಅವರ ಪುಟ್ಟ ತಕ್ಕಡಿ. ಮೂವತ್ತು ವರ್ಷ ರಾಕೆಟ್ಟಿನ ಬಿಡಿಭಾಗಗಳನ್ನು ತೂಗಿ, ಎಲ್ಲಿ ಒಂದು ಗ್ರಾಂ ಇಳಿಸಬಹುದು ಎಂದು ನೋಡುತ್ತಿದ್ದ ಟೆಕ್ನಿಷಿಯನ್ ಅವರು. ಪ್ರತಿ ಭಾನುವಾರ ನಾನು ರೈಲಿಗೆ ಹೊರಡುವಾಗ ಡಬ್ಬಿ ಕೈಗಿಡುತ್ತಿದ್ದರು. "ಚಮಚ ಲೆಕ್ಕ ನೋಡಬೇಡ. ಬರೀ ಹುರಳಿ ಅದು. ತಿಂದಷ್ಟೂ ಒಳ್ಳೇದು."

ತಿಂದೆ. ಎಷ್ಟು ರುಚಿಯಾಗಿತ್ತೆಂದರೆ ಮಜ್ಜಿಗೆ ಬಿಟ್ಟು ಒಣಗೇ ಮುಕ್ಕುತ್ತಿದ್ದೆ. ಸಪ್ಪೆ ಚಾರ್ಟಿನ ನಡುವೆ ಇದೊಂದು ಹೇಗೆ ಇಷ್ಟು ಚೆನ್ನಾಗಿದೆ ಎಂದು ಕೇಳಿಕೊಳ್ಳುವ ಬುದ್ಧಿ, ತಿನ್ನುವಾಗ ನನಗೆ ಎಂದೂ ಇದ್ದದ್ದಿಲ್ಲ.

ಆರು ವಾರ ಕಳೆದು ಮತ್ತೆ ಸ್ಕ್ಯಾನ್. ಇಳಿದದ್ದು ಒಂದು ಕೆಜಿ. ಲಿವರ್ ಇದ್ದಂತೆಯೇ ಇತ್ತು. "ಕದ್ದು ತಿನ್ನುತ್ತಿದ್ದೀರಿ. ನಿಮ್ಮ ಅಪ್ಪನಿಗೆ ಅಷ್ಟು ಸಮಯ ಇಲ್ಲ, ಓಕೆ-ಯಾ?" ಎಂದರು ಮೇಡಂ. ಆಣೆ ಇಟ್ಟೆ, ನಂಬಲಿಲ್ಲ. ನನ್ನ ಆಕಾರ ನೋಡಿದರೆ ನಾನೂ ನಂಬುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ, ಈ ಸುದ್ದಿಯನ್ನು ಅಪ್ಪನಿಗೆ ಹೇಗೆ ಹೇಳುವುದೆಂದು ತೋಚದೆ, ನಗಿಸಿಯೇ ಹೇಳೋಣವೆಂದು ಬ್ಯಾಂಕಿನ ಲ್ಯಾಂಡ್‌ಲೈನಿನಿಂದ ಮನೆಗೆ ಫೋನ್ ಮಾಡಿದೆ.

"ಹಲೋ ಸಾರ್, ಆಸ್ಪತ್ರೆಯಿಂದ, ಡಯಟ್ ಸೆಕ್ಷನ್. ನಿಮ್ಮ ಮಗನ ತೂಕ ಇಳಿಯುತ್ತಿಲ್ಲ, ಓಕೆ-ಯಾ?"

'ಲೋ ಕೋತಿ' ಬರಲೆಂದು ಕಾದೆ. ಬರಲಿಲ್ಲ.

"ಮೇಡಂ," ಎಂದರು ಅಪ್ಪ. ಮೂವತ್ತು ವರ್ಷವಾದರೂ ಮಂಡ್ಯದ ಬಸ್‌ಸ್ಟ್ಯಾಂಡಿನಿಂದ ಹೊರಡದಿದ್ದ ಅವರ ಮಲಯಾಳಂನಲ್ಲಿ, ತಗ್ಗಿದ ದನಿಯಲ್ಲಿ ಹೇಳಿದರು: "ಅವನದೇನೂ ತಪ್ಪಿಲ್ಲ. ಹಿಟ್ಟಿಗೆ ನಾನೇ ಬೆರೆಸ್ತಿದ್ದೀನಿ."

"ಏನನ್ನ?"

"ಕಡಲೆಕಾಯಿ ಬೀಜ, ಗೋಡಂಬಿ, ಕೊಬ್ಬರಿ. ತುಪ್ಪದಲ್ಲಿ ಹುರಿದು. ಹುರಳಿ ಹೆಸರಿಗೆ ಒಂದು ಹಿಡಿ."

ಕೈಯಲ್ಲಿದ್ದ ಮೊಟ್ಟೆಯ ಬಿಳಿ ಕೈಯಲ್ಲೇ ಉಳಿಯಿತು.

"ಅವನಿಗಿನ್ನೂ ಇಪ್ಪತ್ತಾರು, ಮೇಡಂ. ನನಗೋಸ್ಕರ ಅವನ ಹೊಟ್ಟೆ ಕೊಯ್ಯೋದು ಬೇಡ. ನಾನು ಬೇಡ ಅಂದ್ರೆ ಅವನು ಕೇಳೋನಲ್ಲ, ಅದಕ್ಕೂ ಒಂದು ತಮಾಷೆ ಮಾಡ್ತಾನೆ. ಆಗಲ್ಲ ಅಂತ ನೀವೇ ಬರೆದುಬಿಡಿ. ಅವನಿಗೆ ಗೊತ್ತಾಗೋದು ಬೇಡ."

ಆಗ ನನ್ನ ದನಿಯಲ್ಲಿ ಮಾತಾಡಬಹುದಿತ್ತು. ಹುಡುಕಿದೆ, ಸಿಗಲಿಲ್ಲ. ಮೂಗಿನಲ್ಲೇ ಹೇಳಿದೆ, "ಸಾರ್, ನೀವು ಹೋದ ಮೇಲೆ ಅವನು ಆ ಹೊಟ್ಟೆ ಇಟ್ಟುಕೊಂಡು ಏನು ಮಾಡಬೇಕು?"

ಓಕೆ-ಯಾ ಅನ್ನಲು ಮರೆತೆ.

ಆ ಕಡೆ ಸ್ಟೂಲು ಎಳೆದ ಸದ್ದಾಯಿತು. ಆಮೇಲೆ "ಆಯ್ತು ಮೇಡಂ" ಎಂದು ಫೋನ್ ಇಟ್ಟರು.

ಆ ಸಂಜೆ ಉಳಿದಿದ್ದ ಅರ್ಧ ಡಬ್ಬಿಯನ್ನು ಫ್ಲ್ಯಾಟಿನ ಸೆಕ್ಯುರಿಟಿ ಚೇಟ್ಟನಿಗೆ, ಅಂದರೆ ಅಣ್ಣನಿಗೆ, ಕೊಟ್ಟೆ. ಅರವತ್ತು ದಾಟಿದ, ಸಮವಸ್ತ್ರದೊಳಗೆ ಇನ್ನೊಬ್ಬರು ಹಿಡಿಸುವಷ್ಟು ಸಣಕಲು ಮನುಷ್ಯ. ಮುಂದಿನ ಭಾನುವಾರ ಅಪ್ಪ ಎಂದಿನಂತೆ ಡಬ್ಬಿ ಕೊಟ್ಟರು. ಅವರ ಕಣ್ಣು ಅರಿಸಿನದಷ್ಟು ಹಳದಿಯಾಗಿತ್ತು. "ಎರಡೇ ಚಮಚ ತಿನ್ನು" ಎಂದರು. ಇದು ಹೊಸ ನಾಟಕ ಎಂದುಕೊಂಡೆ. ಹಲ್ಲು ಕಚ್ಚಿಕೊಂಡು ತಂದೆ. ಮುಚ್ಚಳವನ್ನೂ ತೆಗೆಯದೆ ಚೇಟ್ಟನ ಕೈಗೆ ದಾಟಿಸಿದೆ. ಅದರ ಮುಂದಿನ ವಾರವೂ ಹಾಗೇ, ಅದರ ಮುಂದಿನದೂ. ಸಿಟ್ಟಿತ್ತು. ಆರು ವಾರ, ಅವರದೇ ಆರು ವಾರ, ತುಪ್ಪದಲ್ಲಿ ಹುರಿದು ನನಗೆ ತಿನ್ನಿಸಿದ್ದರು.

ಮೆಸ್ಸಿನ ಚೇಚಿಗೆ ಹೇಳಿ ಹುರಳಿ ಬೇಯಿಸಿಕೊಂಡು ತಿಂದೆ. ಕರ್ಕಿಡಕ ಮುಗಿದಿದ್ದರಿಂದ ಈಗ ಅವರೇ ನುಗ್ಗೆಸೊಪ್ಪು ಬಿಡಿಸಿ ಕೂರುತ್ತಿದ್ದರು. ಪೊರೋಟ ಹೊಡೆಯುವ ಸದ್ದು ಕೇಳಿದರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದೆ. ಪ್ಯಾಂಟು ಸಡಿಲವಾಯಿತು. ಆ ಫೋನಿನ ನಂತರದ ಏಳನೆಯ ವಾರದ ಕೊನೆಗೆ ಸ್ಕ್ಯಾನ್ ಮಾಡಿದ ಡಾಕ್ಟರು, "ಪರವಾಗಿಲ್ಲವೇ!" ಎಂದರು. ರಕ್ತವೂ ಸರಿಯಿತ್ತು. ಆಪರೇಷನ್ನಿನ ದಿನ ಗೊತ್ತಾಯಿತು.

ಅದಕ್ಕೆ ನಾಲ್ಕು ದಿನ ಮುಂಚೆ ಅಪ್ಪನಿಗೆ ಜ್ವರ ಬಂತು. ಹೊಟ್ಟೆಯೊಳಗಿನ ನೀರಿಗೆ ಸೋಂಕು. ಸ್ವಲ್ಪ ಕಾಯೋಣ ಎಂದರು ಡಾಕ್ಟರು. ಹನ್ನೊಂದು ದಿನ ಕಾದೆವು. ಹನ್ನೆರಡನೆಯ ದಿನ ಕಾಯುವುದಕ್ಕೆ ಏನೂ ಇರಲಿಲ್ಲ.

ಅಪ್ಪನ ಕರ್ಮಾಂತರಕ್ಕೆ ಬಂದ ಚಿಕ್ಕಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ಲಾ, ಹಿಂಗೆ ಇಳಿದಿದ್ದೀಯ! ಏನು ತಿಂತೀಯ, ನಮಗೂ ಹೇಳೋ" ಎಂದರು. ಬಾಳೆದಿಂಡು, ಪಪ್ಪಾಯಿಕಾಯಿ, ಹುರಳಿ, ನುಗ್ಗೆಸೊಪ್ಪು ಎಂದೆ. ಅವರು ಫೋನಿನಲ್ಲಿ ಬರೆದುಕೊಂಡರು. ನನ್ನ ಲಿವರ್ ಈಗ ಕನ್ನಡಿಯ ಹಾಗಿದೆ. ಯಾರಿಗೂ ಬೇಕಾಗಿಲ್ಲ.

ಕಳಮಶ್ಶೇರಿಗೆ ಮರಳಿದಾಗ ಸೆಕ್ಯುರಿಟಿ ಚೇಟ್ಟನ್ ಎದ್ದು ನಿಂತರು. ತಮ್ಮ ಕಾವಲು ಗೂಡಿನೊಳಗಿಂದ ಒಂದು ಡಬ್ಬಿ ತಂದರು.

"ಇದು ಕೊನೆಯದು, ಮೋನೇ. ನಾನು ತೆಗೆದಿಲ್ಲ. ಅಚ್ಛನ್ ಕೈಯಿಂದ ಮಾಡಿದ್ದಲ್ಲವಾ, ನಿಮ್ಮ ಹತ್ತಿರವೇ ಇರಲಿ."

"ಪರವಾಗಿಲ್ಲ, ನೀವು ತಿನ್ನಿ ಚೇಟ್ಟಾ. ನಿಮಗಿಷ್ಟ ಅಲ್ವಾ?"

ಅವರು ತಲೆ ಕೆರೆದುಕೊಂಡರು. "ಬೇಜಾರಾಗಬೇಡಿ. ಮೊದಲು ಕೊಟ್ಟಿರಲ್ಲ, ಆ ಅರ್ಧ ಡಬ್ಬಿ, ಅದು ಏನು ರುಚಿ! ಆಮೇಲಿನದೆಲ್ಲ ಬರೀ ಹುರಳಿ. ಉಪ್ಪೂ ಇಲ್ಲ. ನನ್ನ ಹೆಂಡತಿ ಹಸುವಿಗೆ ಹಾಕಿಬಿಟ್ಟಳು."

ನಾನು ಏನೋ ತಮಾಷೆ ಹೇಳಬೇಕಿತ್ತು. ಡಬ್ಬಿಯನ್ನು ತೆಗೆದುಕೊಂಡೆ.

ಮೇಲೆ ಹೋಗಿ ಮುಚ್ಚಳ ತೆಗೆದೆ. ಬೆರಳಿನಲ್ಲಿ ತಿಕ್ಕಿ ನೋಡಿದೆ, ಜಿಡ್ಡಿರಲಿಲ್ಲ. ಕಂದು ಬಣ್ಣದ, ಒಣ, ಸಪ್ಪೆ ಹಿಟ್ಟು. ಚಾರ್ಟಿನಲ್ಲಿ ಬರೆದ ಹಾಗೆಯೇ. ಎರಡೇ ವಾಕ್ಯದಲ್ಲಿ ನನ್ನನ್ನು ಹಿಡಿಯುತ್ತಿದ್ದ ಮನುಷ್ಯ ಅಂದು ಫೋನಿನಲ್ಲಿ, ಓಕೆ-ಯಾ ಇಲ್ಲದ ಮೂರನೆಯ ಮಾತಿಗೆ ಹಿಡಿದಿದ್ದರು. ಹಿಡಿದು, ಒಪ್ಪಿಕೊಂಡು, ಹುರಿಯುತ್ತ ಕೂತಿದ್ದರು.

ನೀರು ಮಜ್ಜಿಗೆಯಲ್ಲಿ ಎರಡು ಚಮಚ ಕಲಸಿದೆ. ಗಟ್ಟಿಯಾಯಿತು. ಇನ್ನಷ್ಟು ಮಜ್ಜಿಗೆ ಹಾಕಿಕೊಂಡು ಕುಡಿದೆ.