ದಾರವಿಲ್ಲದ ಮಶೀನು

ಚೀನಾದ ವೆನ್‌ಝೌ ನಗರದ ಆ ಬೂಟಿನ ಕಾರ್ಖಾನೆಯ ಹಾಜರಿ ಪುಸ್ತಕದ ಪ್ರಕಾರ ಪಾನ್ ಶ್ಯಾವ್‌ಫೆನ್ ಆರು ವರ್ಷದಲ್ಲಿ ಒಂದು ದಿನವೂ ರಜೆ ಹಾಕಿದವಳಲ್ಲ. ಅಸಲಿಗೆ ಅವಳು ಕೆಲಸಕ್ಕೆಂದು ಗೇಟು ದಾಟುವುದು ವರ್ಷಕ್ಕೊಮ್ಮೆ, ತಪಾಸಣೆಯ ದಿನ. ಇಂತಿಷ್ಟು ಅಂಗವಿಕಲರಿಗೆ ಕೆಲಸ ಕೊಡದ ಮಾಲೀಕ ಸರ್ಕಾರಕ್ಕೆ ದಂಡ ಕಟ್ಟಬೇಕು. ಹಾಗಾಗಿ ಅವಳ ಅಂಗವಿಕಲರ ಕಾರ್ಡು ಕಾರ್ಖಾನೆಯ ಬೀರುವಿನಲ್ಲಿ, ಅವಳು ಮನೆಯಲ್ಲಿ. ಕೆಲಸಕ್ಕೆ ಬರದೇ ಇರುವುದಕ್ಕೇ ತಿಂಗಳಿಗೊಂದಿಷ್ಟು ಪುಡಿಗಾಸು. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಪೋಲಿಯೊ ಕಸಿದುಕೊಂಡದ್ದು ಅವಳ ಎಡಗಾಲನ್ನು, ಕೈಗಳನ್ನಲ್ಲ. ಹನ್ನೆರಡನೇ ವಯಸ್ಸಿನಿಂದ ಅಮ್ಮನ ಪಕ್ಕ ಕೂತು ತೊಗಲು ಹೊಲಿದವಳು. ಅವಳ ಹೊಲಿಗೆ ನೋಡಿ ಚೀಲ ಮಾಡುವ ಝೆಂಗ್ ಕೆಲಸ ಕೊಡಲು ಒಪ್ಪಿದ್ದ. ಆದರೆ ಸರ್ಕಾರದ ಕಂಪ್ಯೂಟರಿನಲ್ಲಿ ಅವಳಾಗಲೇ ಬೇರೆ ಕಡೆ ನೌಕರಿಯಲ್ಲಿರುವವಳು.

“ಅಲ್ಲಿಂದ ಬಿಡುಗಡೆ ಪತ್ರ ತಗೊಂಡ್ ಬಾರಮ್ಮ. ಸೋಮವಾರದ ತನಕ ಕಾಯ್ತೀನಿ. ಆಮೇಲೆ ನಂಗೂ ಆಗಲ್ಲ.”

ಪತ್ರಕ್ಕಾಗಿ ಕಾರ್ಖಾನೆಗೆ ಮೂರು ಸಲ ಅಲೆದಳು. ಮ್ಯಾನೇಜರ್ ಶೂ ಯಾವಾಗಲೂ ಒಂದೇ ಮಾತು ಹೇಳುತ್ತಿದ್ದ. “ಶುಕ್ರವಾರ ತಪಾಸಣೆ ಒಂದು ಮುಗೀಲಿ ಅಕ್ಕಾ, ಅವತ್ತೇ ಸಹಿ ಹಾಕ್ತೀನಿ.”

ಶುಕ್ರವಾರ ಹಸಿರು ಕೋಟು ತೊಡಿಸಿ, ಯಾರದೋ ಮಶೀನಿನ ಮುಂದೆ ಕೂರಿಸಿದರು. ತೊಗಲು ಹಾಳುಮಾಡಿಯಾಳೆಂದು ಎಂದಿನಂತೆ ದಾರ ತೆಗೆದಿದ್ದರು. ಆರು ವರ್ಷ ಅವಳು ಬರಿಸೂಜಿಯನ್ನೇ ಓಡಿಸಿದ್ದಳು. ಇದು ಕೊನೆಯ ಸಲವಲ್ಲವೇ, ಒಮ್ಮೆಯಾದರೂ ಹೊಲಿದು ಹೋಗೋಣವೆಂಬ ಆಸೆ. ಜೇಬಿನಲ್ಲಿ ತಂದಿದ್ದ ಕಪ್ಪು ದಾರ ಪೋಣಿಸಿದಳು. ತಪಾಸಣೆಯ ಮೇಡಂ ಬರುವ ಹೊತ್ತಿಗೆ ನಾಲ್ಕು ಜೋಡಿ ಬೂಟಿನ ಮೇಲ್ತೊಗಲು ಹೊಲಿದು ಮುಗಿದಿತ್ತು.

ಮೇಡಂ ಒಂದನ್ನೆತ್ತಿ ಹೊಲಿಗೆಯ ಮೇಲೆ ಉಗುರಾಡಿಸಿ, ಮ್ಯಾನೇಜರ್ ಕಡೆ ತಿರುಗಿದರು. “ಎಲ್ಲಾ ಕಡೆ ಬೊಂಬೆ ಕೂರಿಸಿರ್ತಾರೆ ಕಣ್ರೀ. ನೀವೊಬ್ರೇ ನಿಜವಾಗ್ಲೂ ಕೆಲಸ ಕೊಟ್ಟಿರೋದು! ಇವರನ್ನ ಮಾದರಿ ನೌಕರರು ಅಂತ ಬರ್ಕೋತೀನಿ. ಮುಂದಿನ ತಿಂಗಳು ಬೇರೆ ಮಾಲೀಕರನ್ನೂ ಕರ್ಕೊಂಡ್ ಬಂದು ತೋರಿಸ್ತೀನಿ.”

ಶ್ಯಾವ್‌ಫೆನ್ ಬಾಯಿ ತೆರೆದಳು. ನಿಜ ಹೇಳಿದರೆ ಸಹಿ ಸಿಗುವುದಿಲ್ಲ. ಮೇಡಂ ತೆಗೆದ ಫೋಟೋಗೆ ನಕ್ಕಳು.

ಮೇಡಂ ಕಾರು ಹೊರಟಿದ್ದೇ ತಡ, ಊರುಗೋಲು ಊರಿಕೊಂಡು ಮ್ಯಾನೇಜರ್ ಎದುರು ನಿಂತಳು. “ಪತ್ರ ಕೊಡಿ ಸಾಹೇಬ್ರೇ.”

“ಕೆಲಸ ಕೆಡಿಸ್ಕೊಂಡವಳು ನೀನೇ ಅಲ್ವಾ ಅಕ್ಕಾ? ಸುಮ್ನೆ ಕೂತಿದ್ರೆ ಯಾರು ನಿನ್ನ ಹೆಸರು ಕೇಳ್ತಿದ್ರು? ಈಗ ನಿನ್ನ ಬಿಟ್ರೆ ನನ್ನ ನೌಕರಿ ಹೋಗತ್ತೆ.”

“ಹಂಗಾದ್ರೆ ಇಲ್ಲೇ ಕೆಲಸ ಕೊಡಿ. ನಾಳೆಯಿಂದ್ಲೇ ಬರ್ತೀನಿ.”

“ಕಕ್ಕಸಿಗೆ ಹನ್ನೊಂದು ಮೆಟ್ಲು ಹತ್ಬೇಕು.”

“ತೆವಳಿಕೊಂಡು ಹತ್ತೀನಿ!” ಅವಳು ಅವನ ಎರಡೂ ಕೈ ಹಿಡಿದುಕೊಂಡಳು. ಅಷ್ಟು ಜನರೆದುರು ಅಳು ಒತ್ತರಿಸಿ ಬಂತು. ಅಮ್ಮ ಸತ್ತಾಗಲೂ ಅವಳು ಹಾಗೆ ಅತ್ತವಳಲ್ಲ.

“ಬಿದ್ರೆ ಯಾರಮ್ಮಾ ನೋಡ್ಕೊಳ್ಳೋದು? ಮನೇಲಿ ಆರಾಮಾಗಿರು.” ಮ್ಯಾನೇಜರ್ ಕೈ ಬಿಡಿಸಿಕೊಂಡ. ಆ ಮಶೀನಿನಲ್ಲಿ ದಿನಾ ಹೊಲಿಯುವ ಹೆಂಗಸು ಬಂದು, ಕಪ್ಪು ದಾರ ಎಳೆದು ಬಿಸಾಕಿ, ತನ್ನ ಬಿಳಿ ದಾರ ಏರಿಸಿದಳು.

ಸೋಮವಾರ ಬೆಳಿಗ್ಗೆ ಝೆಂಗ್ ಫೋನು ಮಾಡಿದ. “ಎಲ್ಲಿದ್ದೀಯಮ್ಮಾ? ಎಷ್ಟೊತ್ತು ಕಾಯ್ಲಿ?”

ಶ್ಯಾವ್‌ಫೆನ್ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು.

“ಕೆಲಸದಲ್ಲಿದ್ದೀನಿ,” ಅಂದಳು.