ಚೀನಾ ಗ್ರಾಸಿನ ಗುಳ್ಳೆಗಳು

ನಿನ್ನೆ ಉಮರ್ಗಾದ ಬಜಾರಿನಲ್ಲಿ ಒಂದು ಪಾಕೀಟು ಚೀನಾ ಗ್ರಾಸಿಗೆ, ಅಂದರೆ ಸಿಹಿತಿಂಡಿ ಹೆಪ್ಪುಗಟ್ಟಿಸುವ ಕಡಲಪಾಚಿಗೆ, ಹನ್ನೆರಡು ರೂಪಾಯಿ ಕೊಟ್ಟೆ. ಚೌಕಾಶಿ ಮಾಡಿದ್ದರೆ ಒಂಬತ್ತಕ್ಕೆ ಬರುತ್ತಿತ್ತು. ಆದರೆ ಪಾಕೀಟು ಬಿಚ್ಚಿದೊಡನೆ ಬಂದ ಸಮುದ್ರದ ವಾಸನೆ ನನ್ನ ಬಾಯಿ ಕಟ್ಟಿತು. ಸಮುದ್ರ ನಾನು ಕಂಡವನಲ್ಲ, ಬಿಡಿ.

ಆ ವಾಸನೆಗೆ ಹಳೆಯದೊಂದು ನೆನಪಾಯಿತು. ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆಕ್ಷನ್ ಮುಗಿದು ಆಗ ಕೆಲವು ವರ್ಷಗಳಾಗಿದ್ದವು. ಉದಗೀರದಲ್ಲಿ ನನ್ನದು ಹೊಸ ಕಿರಾಣಿ ಅಂಗಡಿ, ಕಾಳು ಹೇರಲು ಒಂದು ಜೋಡಿ ಎತ್ತು. ಒಂದು ಮುಂಜಾನೆ ಅವುಗಳಲ್ಲೊಂದು ಸತ್ತು ಬಿದ್ದಿತ್ತು. ಅಂಟುರೋಗವೆಂದು ಹೆದರಿ, ಓಣಿಯ ಹಿರಿಯ ಮಲ್ಲಪ್ಪ ಕಾಕಾ ಉಳಿದ ಎತ್ತನ್ನು ಓಣಿಯ ದನಗಳೆಲ್ಲ ನೀರು ಕುಡಿಯುವ ಕಲ್ಲಿನ ಡೋಣಿಯ ಹತ್ತಿರ ಬಿಡಲಿಲ್ಲ. ಆ ಬೇಸಿಗೆಯಲ್ಲಿ ಅದಕ್ಕೆ ನೀರಿನ ಕೊಡ ಹೊತ್ತು ನನ್ನ ಹೆಗಲು ಕಿತ್ತುಹೋಯಿತು.

ದನದ ದವಾಖಾನೆಯ ಸಾಹೇಬರು ಸತ್ತ ಎತ್ತಿನ ರಕ್ತ ಒಯ್ದರು. ಅದರಲ್ಲಿ ರೋಗದ ಕ್ರಿಮಿ ಇದ್ದರೆ ಬೆಳೆಸಿ ನೋಡಲು ಹೆಪ್ಪುಗಟ್ಟಿದ ಸಾರು ಬೇಕಂತೆ. ಸಾರನ್ನು ಹೆಪ್ಪುಗಟ್ಟಿಸುವ ಪುಡಿ ಹೈದರಾಬಾದಿನಿಂದ ಬಂದಿರಲಿಲ್ಲ. ಅದರ ಬದಲು ನನ್ನ ಅಂಗಡಿಯ ಚೀನಾ ಗ್ರಾಸೇ ಸಾರಿನಲ್ಲಿ ಕುದಿಯಿತು. ಅದು ಮಾಂಸದ ಸಾರೆಂದು ತಿಳಿದ ಮೇಲೆ ನಾನು ಮೂಗು ಮುಚ್ಚಿಕೊಂಡೇ, ಗಾಜಿನ ತಟ್ಟೆಗೆ ಸುರಿಯಲು ನಿಂತೆ. ಸುರಿದದ್ದಾದರೂ ಹೇಗೆ? ಚಹಾ ಸುರಿದ ಹಾಗೆ, ಮೊಳದೆತ್ತರದಿಂದ. ನೊರೆಯಿಲ್ಲದ ಚಹಾ ಕೊಟ್ಟರೆ ನಮ್ಮಲ್ಲಿ ಬೀಗರು ಮುನಿಯುತ್ತಾರೆ.

"ಅರೇ ಸಾವಕಾರ್ರ, ಕ್ರಿಮಿಗೆ ಚಹಾ ಕುಡಸಾಕತ್ತೀರೇನು?" ಎಂದರು ಸಾಹೇಬರು. ಬೇರೆ ಸಾರಿರಲಿಲ್ಲ, ಗುಳ್ಳೆಗಳ ಸಮೇತ ಹೆಪ್ಪುಗಟ್ಟಿದ ಅದರ ಮೇಲೇ ರಕ್ತ ಹಚ್ಚಿದರು.

ಮರುದಿನ ತಟ್ಟೆಯ ತುಂಬ ಚುಕ್ಕಿ. ಕಾಕಾ ಬಗ್ಗಿ ನೋಡಿ, "ಅಬಬಾ, ಎಷ್ಟ್ ಹುಳಾ ಎದ್ದಾವ ನೋಡೋ!" ಎಂದ.

"ಗುಳ್ಳಿ ಅವು ರೀ ಕಾಕಾ," ಎಂದೆ.

"ಯಾವುದು ಗುಳ್ಳಿ, ಯಾವುದು ಹುಳಾ, ತೋರ್ಸು ನೋಡೂಣು."

ನಾನು ಸಾಹೇಬರ ಮುಖ ನೋಡಿದೆ. ಅವರು ಚಷ್ಮಾ ತೆಗೆದು ಒರೆಸಿಕೊಂಡರು. "ಖರೇ ಹೇಳ್ಬೇಕಂದ್ರ, ನನಗೂ ತಿಳೀವಲ್ದು."

ಮತ್ತೆ ಸಾರು ಮಾಡಿದೆವು. ಈ ಸಲ ನೊರೆ ಇಳಿಯುವ ತನಕ ಪಾತ್ರೆ ಮುಟ್ಟಲಿಲ್ಲ. ತಟ್ಟೆಯ ಅಂಚಿಗೆ ತಾಗಿಸಿ ಮೆಲ್ಲಗೆ ಸುರಿದೆವು. ಉಳಿದ ಒಂದೆರಡು ಗುಳ್ಳೆಗಳ ಮೇಲೆ ದೀಪದ ಜ್ವಾಲೆ ಆಡಿಸಿದಾಗ ಅವೂ ಒಡೆದವು. ಹೆಪ್ಪುಗಟ್ಟಿದ ಮೇಲೆ ಸಾಹೇಬರು ಉಳಿದ ರಕ್ತ ಹಚ್ಚಿ, ಮರುದಿನ ತಟ್ಟೆ ತೋರಿಸಿದರು.

"ಏನೂ ಕಾಣವಲ್ದಲ್ರೀ," ಎಂದ ಕಾಕಾ.

"ಕಾಣಬಾರ್ದು. ಕ್ರಿಮಿ ಇದ್ದಿದ್ರ ಬೆಳೀತಿದ್ದವು. ನೀವು ಹೆದರಿದ ಅಂಟುರೋಗ ಅಲ್ಲ ಅದು," ಎಂದರು ಸಾಹೇಬರು.

"ಮತ್ತ ಎತ್ತು ಯಾಕ ಸತ್ತಿತು?"

"ಅದು ಈ ತಟ್ಟ್ಯಾಗ ಕಾಣಂಗಿಲ್ಲ ಕಾಕಾ."

ಕಾಕಾ ತಲೆ ಕೆರೆದುಕೊಂಡ. ಏನು ತಿಳಿಯಿತೋ, ಬಿಟ್ಟಿತೋ, ತಾನೇ ಹಗ್ಗ ಹಿಡಿದು ನನ್ನ ಎತ್ತನ್ನು ಡೋಣಿಗೆ ಒಯ್ದ. ಇನ್ನೊಂದು ಎತ್ತು ಯಾಕೆ ಸತ್ತಿತೆಂದು ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿಯದೆಯೂ ಬದುಕಬಹುದೆಂದು ಮಾತ್ರ ಈಗೀಗ ಒಪ್ಪಿಕೊಂಡಿದ್ದೇನೆ.

ಆದ್ದರಿಂದ ನೀವೂ ಇಂಥದ್ದೇನಾದರೂ ಸುರಿಯುವವರಾದರೆ ಕೈ ತಗ್ಗಿಸಿರಿ, ಅವಸರ ಮಾಡಬೇಡಿರಿ. ಮತ್ತು ರಕ್ತ ಹಚ್ಚುವ ಮೊದಲೇ ಹೆಪ್ಪುಗಟ್ಟಿದ ತಟ್ಟೆಯನ್ನು ಬೆಳಕಿಗೆ ಹಿಡಿದು, ಗುಳ್ಳೆ ಎಲ್ಲೆಲ್ಲಿವೆಯೆಂದು ನೋಡಿಕೊಳ್ಳಿರಿ. ಇವತ್ತು ಇದ್ದದ್ದು ಯಾವುದೆಂದು ಗೊತ್ತಿದ್ದವನು ನಾಳೆ ಕಂಡದ್ದಕ್ಕೆಲ್ಲ ಹೆದರುವುದಿಲ್ಲ.